ಅಯೋರ್ಟಾ ಉಬ್ಬಿದವರು ಮನೆಯಲ್ಲಿ ಬಿಪಿ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಕಾರಟಗಿಯವರು. ನಮ್ಮ ಮನೆಯವರಿಗೆ 54 ವರ್ಷ, ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ. ಎದೆ ಹಿಡಿದಂಗಾಗುತ್ತೆ ಅಂತ ತೋರಿಸಲು ಹೋದಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ 4.5 ಸೆಂ.ಮೀ. ಆಗಿದೆ, ಬಿಪಿ ಏರದಂತೆ ನೋಡಿಕೊಳ್ಳಿ ಅಂದರು. ಮೆಟೊಪ್ರೊಲಾಲ್, ಟೆಲ್ಮಿಸಾರ್ಟನ್ ಗುಳಿಗೆ ಬರೆದಿದ್ದಾರೆ. ಬಿಪಿ ಯಂತ್ರ ಕೊಂಡು ತಂದೆವು. ಈಗ ಆ ಯಂತ್ರವೇ ದೊಡ್ಡ ಚಿಂತೆ ಆಗಿದೆ. ಒಮ್ಮೆ 126 ತೋರಿಸಿದರೆ ಅರ್ಧ ಗಂಟೆಗೆ 158 ಅನ್ನುತ್ತೆ. ರಾತ್ರಿ ಎದ್ದು ಕೂತು ನೋಡಿಕೊಳ್ಳುತ್ತಾರೆ. ಯಾವ ಅಂಕಿ ನಂಬಬೇಕು? ದಿನಕ್ಕೆ ಎಷ್ಟು ಸಲ ನೋಡಬೇಕು? ಜಾಸ್ತಿ ಬಂದರೆ ಏನು ಮಾಡಬೇಕು? ಇನ್ನು ಮೂಟೆ ಹೊರಬಹುದಾ? ಅಂಜನಾದ್ರಿಗೆ ಹರಕೆ ಇದೆ, ಬೆಟ್ಟ ಹತ್ತಬಹುದಾ? ನಮಗೆ ಇಬ್ಬರು ಮಕ್ಕಳು.

ಉತ್ತರ: ತಂಗಿ, ಮೊದಲು ಒಂದು ಮಾತು. 126 ಕೂಡ ನಿಜ ಇರಬಹುದು, 158 ಕೂಡ ನಿಜ ಇರಬಹುದು. ಬಿಪಿ ಅನ್ನುವುದು ನಿಮಿಷ ನಿಮಿಷಕ್ಕೂ ಬದಲಾಗುತ್ತಲೇ ಇರುತ್ತದೆ. ಮಾತಾಡಿದರೆ ಏರುತ್ತದೆ, ಮೂತ್ರ ತಡೆದುಕೊಂಡರೆ ಏರುತ್ತದೆ, ಭಯ ಆದರಂತೂ ಏರಿಯೇ ಏರುತ್ತದೆ. ರಾತ್ರಿ ಎರಡು ಗಂಟೆಗೆ ಗಾಬರಿಯಿಂದ ಎದ್ದು ಪಟ್ಟಿ ಕಟ್ಟಿಕೊಂಡರೆ ಯಂತ್ರ ಅಳೆಯುವುದು ಆ ಗಾಬರಿಯನ್ನೇ. ಹಾಗಾಗಿ ಯಾವುದೋ ಒಂದು ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ರೀತಿ ಕೂತು, ಒಂದೇ ಹೊತ್ತಿಗೆ, ಒಂದು ವಾರ ನೋಡಿ. ಆ ವಾರದ ಸರಾಸರಿಯನ್ನು ನಂಬಿ. ಗುಳಿಗೆ ಸಾಕಾ, ಜಾಸ್ತಿ ಆಯಿತಾ, ಕಡಿಮೆ ಆಯಿತಾ ಅಂತ ನಿಮ್ಮ ವೈದ್ಯರು ಹೇಳಬಲ್ಲದು ಆ ಸರಾಸರಿ ನೋಡಿಯೇ.

ಕಾಯಿಲೆ ಏನು ಅಂತ ಸ್ವಲ್ಪ ಹೇಳುತ್ತೇನೆ. ಯಾಕೆ ಇಷ್ಟೊಂದು ಎಚ್ಚರ ಅಂತ ಗೊತ್ತಾದರೆ ಪಾಲಿಸುವುದು ಸುಲಭ. ಹೃದಯದಿಂದ ಹೊರಟು ಇಡೀ ಮೈಗೆ ರಕ್ತ ಒಯ್ಯುವ ದೊಡ್ಡ ನಾಳವೇ ಅಯೋರ್ಟಾ, ಕನ್ನಡದಲ್ಲಿ ಮಹಾಪಧಮನಿ. ಎದೆಯಲ್ಲಿ ಮೇಲಕ್ಕೆ ಹೋಗಿ, ಬಾಗಿ, ಬೆನ್ನುಮೂಳೆ ಪಕ್ಕದಲ್ಲಿ ಹೊಟ್ಟೆಯವರೆಗೆ ಇಳಿಯುತ್ತದೆ. ಹೃದಯದ ಹತ್ತಿರದ ಭಾಗ ದೊಡ್ಡವರಲ್ಲಿ ಸಾಮಾನ್ಯವಾಗಿ 4 ಸೆಂ.ಮೀ. ಒಳಗೇ ಇರುತ್ತದೆ. ನಿಮ್ಮವರದು 4.5 ಆಗಿದೆ. ಸೈಕಲ್ ಟ್ಯೂಬಿನಲ್ಲಿ ಒಂದು ಕಡೆ ಉಬ್ಬು ಬಂದಿದ್ದನ್ನು ನೀವು ನೋಡಿರುತ್ತೀರಿ. ಗಾಳಿಯ ಒತ್ತಡ ಎಲ್ಲ ಕಡೆ ಒಂದೇ ಇದ್ದರೂ ಉಬ್ಬಿದ ಜಾಗಕ್ಕೇ ಎಳೆತ ಜಾಸ್ತಿ. ರಕ್ತನಾಳದ್ದೂ ಇದೇ ಲೆಕ್ಕ. ಅಗಲ ಹೆಚ್ಚಿದಷ್ಟೂ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚು. ಅಗಲವನ್ನು ನಾವು ಗುಳಿಗೆಯಿಂದ ಕಡಿಮೆ ಮಾಡಲಾರೆವು. ಒತ್ತಡವನ್ನು ಕಡಿಮೆ ಮಾಡಬಹುದು. ಚಿಕಿತ್ಸೆಯ ಗುಟ್ಟು ಇಷ್ಟೇ.

ಅವರಿಗೆ ಕೊಟ್ಟ ಎರಡು ಗುಳಿಗೆಗಳ ಕೆಲಸವೂ ಇದೇ. ಟೆಲ್ಮಿಸಾರ್ಟನ್ ರಕ್ತನಾಳಗಳನ್ನು ಸಡಿಲ ಮಾಡಿ ಒತ್ತಡ ಇಳಿಸುತ್ತದೆ. ಮೆಟೊಪ್ರೊಲಾಲ್ ಅದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ. ಹೃದಯದ ಬಡಿತ ನಿಧಾನ ಮಾಡಿ, ಪ್ರತಿ ಬಡಿತಕ್ಕೂ ರಕ್ತ ಚಿಮ್ಮುವ ರಭಸ ತಗ್ಗಿಸುತ್ತದೆ. ಉಬ್ಬಿದ ಗೋಡೆಗೆ ಆ ರಭಸವೇ ಪೆಟ್ಟು. ಹಾಗಾಗಿ ಬಿಪಿ ಚೆನ್ನಾಗಿ ಬಂತು ಅಂತ ಮೆಟೊಪ್ರೊಲಾಲ್ ಮಾತ್ರ ಏಕಾಏಕಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಬಡಿತವೂ ಬಿಪಿಯೂ ಮೊದಲಿಗಿಂತ ಜೋರಾಗಿ ಏರಬಹುದು. ಹುಲಿಗೆಮ್ಮನ ಹುಣ್ಣಿಮೆಗೋ ಕೊಪ್ಪಳದ ಗವಿಮಠದ ಜಾತ್ರೆಗೋ ಹೊರಟಾಗ ಗುಳಿಗೆ ಚೀಟಿ ಮನೆಯಲ್ಲೇ ಮರೆತು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಊರಿಗೆ ಹೋಗುವ ಚೀಲದಲ್ಲಿ ಒಂದು ಪಟ್ಟಿ ಗುಳಿಗೆ ಯಾವಾಗಲೂ ಇರಲಿ. ಉಪವಾಸ, ಒಪ್ಪತ್ತು ಇದ್ದ ದಿನವೂ ಗುಳಿಗೆ ತಪ್ಪಿಸಬಾರದು. ಒಂದು ಗುಟುಕು ನೀರಿನಿಂದ ವ್ರತ ಕೆಡುವುದಿಲ್ಲ.

ಇನ್ನು ಯಂತ್ರದ ಮಾತು. ಮೇಲ್ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವೇ ಆಗಬೇಕು. ಮಣಿಕಟ್ಟಿಗೆ ಕಟ್ಟುವುದು, ಕೈಗಡಿಯಾರದಲ್ಲಿ ಬಿಪಿ ತೋರಿಸುವುದು ಇವಕ್ಕೆ ಈ ಕಾಯಿಲೆಯಲ್ಲಿ ದುಡ್ಡು ಹಾಕಬೇಡಿ. ನೀವು ಯಾವ ಯಂತ್ರ ತಂದಿದ್ದೀರಿ ಅಂತ ಬರೆದಿಲ್ಲ. ಆದರೆ ಯಂತ್ರದ ಹೆಸರಿಗಿಂತ ಮುಖ್ಯವಾದ ಒಂದು ವಿಷಯ ಪಟ್ಟಿಯ ಅಳತೆ. ನಿಮ್ಮವರು ವರ್ಷಗಟ್ಟಲೆ ಮೂಟೆ ಹೊತ್ತವರು. ತೋಳು ದಪ್ಪ ಇರುತ್ತದೆ. ಟೈಲರ್ ಟೇಪ್ ತಗೊಂಡು ಭುಜ ಮತ್ತು ಮೊಣಕೈ ನಡುವೆ ಸುತ್ತಳತೆ ನೋಡಿ. ಯಂತ್ರದ ಜೊತೆ ಬರುವ ಮಾಮೂಲಿ ಪಟ್ಟಿ ಬಹಳ ಸಲ 22ರಿಂದ 32 ಸೆಂ.ಮೀ. ತೋಳಿಗೆ ಮಾತ್ರ. ಪಟ್ಟಿಯ ಮೇಲೇ ಅಳತೆ ಬರೆದಿರುತ್ತದೆ, ಓದಿ. ಅವರ ತೋಳು 34 ಅಂತ ಬಂದರೆ ದೊಡ್ಡ ಪಟ್ಟಿ ಬೇರೆಯಾಗಿ ಕೊಳ್ಳಬೇಕು. ಚಿಕ್ಕ ಪಟ್ಟಿಯನ್ನು ದಪ್ಪ ತೋಳಿಗೆ ಬಿಗಿದರೆ ಇರುವುದಕ್ಕಿಂತ ಜಾಸ್ತಿ ಬಿಪಿ ತೋರಿಸುತ್ತದೆ. ನಾಲ್ಕೈದು ಪಾಯಿಂಟ್ ಇರಬಹುದು, ತೀರಾ ಚಿಕ್ಕದಾದರೆ ಇಪ್ಪತ್ತರವರೆಗೂ ಹೋಗಬಹುದು. ನಿಮ್ಮ 158ರಲ್ಲಿ ಎಷ್ಟು ಪಾಲು ಪಟ್ಟಿಯದು ಅಂತ ಮೊದಲು ತಿಳಿಯಬೇಕು, ಅಲ್ವಾ?

ಕೂರುವ ರೀತಿ ಇನ್ನೊಂದು. ನಮ್ಮ ಕಡೆ ಮನೆಗಳಲ್ಲಿ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂರುತ್ತೇವೆ. ಇಲ್ಲಾಂದರೆ ಹೊರಸಿನ ಮೇಲೆ ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಇಲ್ಲದೆ ಕೂತು, ಕೈಯನ್ನು ತೊಡೆ ಮೇಲೆ ಇಟ್ಟುಕೊಂಡು ಗುಂಡಿ ಒತ್ತುತ್ತೇವೆ. ಈ ಎರಡರಲ್ಲೂ ಅಂಕಿ ಏರುಪೇರಾಗುತ್ತದೆ. ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು. ಬೆನ್ನು ಕುರ್ಚಿಗೆ ಆನಿಸಿ ಕೂರಬೇಕು. ಎರಡೂ ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಬೇಡ. ಪಕ್ಕದಲ್ಲಿ ಟೇಬಲ್ ಇಲ್ಲದಿದ್ದರೆ ಇನ್ನೊಂದು ಕುರ್ಚಿಯ ಮೇಲೆ ಎರಡು ದಿಂಬು ಒಟ್ಟಿ ಅದರ ಮೇಲೆ ಕೈ ಚಾಚಿ ಇಡಲಿ. ಪಟ್ಟಿ ಕಟ್ಟಿದ ಜಾಗ ಎದೆಯ ನಡುಭಾಗದ ಮಟ್ಟಕ್ಕೆ ಬರಬೇಕು. ಕೈ ಹತ್ತು ಸೆಂ.ಮೀ. ಕೆಳಗೆ ಜೋತುಬಿದ್ದರೆ ಏಳೆಂಟು ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಇದು ಯಂತ್ರದ ತಪ್ಪಲ್ಲ, ತೋಳಿನಲ್ಲಿ ನಿಂತ ರಕ್ತದ ಭಾರದ ಲೆಕ್ಕ.

ಅಂಗಿಯ ತೋಳನ್ನು ಮೇಲಕ್ಕೆ ಸುತ್ತಿ ಸುತ್ತಿ ಬಿಗಿ ಮಾಡಬೇಡಿ. ಅಂಗಿಯ ಆ ಒಂದು ತೋಳು ಪೂರ್ತಿ ಬಿಚ್ಚಿ ಬರಿ ಮೈಗೆ ಪಟ್ಟಿ ಕಟ್ಟಿ. ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಪಟ್ಟಿಯ ಅಂಚು ಇರಲಿ. ಕಟ್ಟಿದ ಮೇಲೆ ಒಳಗೆ ಒಂದೆರಡು ಬೆರಳು ತೂರುವಷ್ಟು ಸಡಿಲ ಇದ್ದರೆ ಸರಿ. ಆಮೇಲೆ ಐದು ನಿಮಿಷ ಸುಮ್ನೆ ಕೂರಬೇಕು. ಟಿವಿ ಬೇಡ, ಫೋನ್ ಬೇಡ, ಮಕ್ಕಳ ಜೊತೆ ಮಾತೂ ಬೇಡ. ಯಂತ್ರ ಗಾಳಿ ತುಂಬುವಾಗ ‘ಎಷ್ಟು ಬಂತು, ಎಷ್ಟು ಬಂತು’ ಅಂತ ನೀವೂ ಕೇಳಬೇಡಿ. ಆ ಹೊತ್ತಿನಲ್ಲಿ ಬರೀ ಮಾತಾಡಿದ್ದಕ್ಕೇ ಹತ್ತು ಪಾಯಿಂಟ್ ಏರಬಹುದು. ಚಹಾ ಕುಡಿದು, ಬೀಡಿ ಸೇದಿ, ತಂಬಾಕು ಹಾಕಿಕೊಂಡು ಅರ್ಧ ಗಂಟೆ ಆಗುವವರೆಗೆ ನೋಡಬಾರದು. ಮೂತ್ರಕ್ಕೆ ಹೋಗಿ ಬಂದು ನೋಡಬೇಕು.

ಎಷ್ಟು ಸಲ ಅಂತ ಕೇಳಿದ್ದೀರಿ. ವೈದ್ಯರ ಹತ್ತಿರ ಹೋಗುವ ಮುಂಚಿನ ಏಳು ದಿನ ಸರಿಯಾಗಿ ನೋಡಿ. ಬೆಳಗ್ಗೆ ಎದ್ದು ಮುಖ ತೊಳೆದು, ಗುಳಿಗೆಗೂ ಚಹಾಕ್ಕೂ ಮೊದಲು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಸಂಜೆ ಊಟಕ್ಕೆ ಮೊದಲು ಹಾಗೆಯೇ ಎರಡು ಸಲ. ಗುಳಿಗೆಗೆ ಮೊದಲೇ ಯಾಕೆ ಅಂದರೆ, ನಿನ್ನೆಯ ಗುಳಿಗೆ ಇವತ್ತು ಬೆಳಗಿನವರೆಗೆ ಹಿಡಿದು ನಿಂತಿದೆಯಾ ಅಂತ ತಿಳಿಯುವುದು ಆಗಲೇ. ಮೊದಲನೆಯ ದಿನದ ನಾಲ್ಕು ಅಂಕಿ ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಯಂತ್ರ, ಹೊಸ ಆತಂಕ, ಅಂಕಿ ಸ್ವಲ್ಪ ಜಾಸ್ತಿಯೇ ಬರುತ್ತದೆ. ಉಳಿದ ಆರು ದಿನದ 24 ಅಂಕಿ ಕೂಡಿಸಿ 24ರಿಂದ ಭಾಗಿಸಿ. ಮೇಲಿನದಕ್ಕೆ ಬೇರೆ, ಕೆಳಗಿನದಕ್ಕೆ ಬೇರೆ. ಮಕ್ಕಳು ಫೋನಿನಲ್ಲಿ ಒಂದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಗುಳಿಗೆಯ ಡೋಸ್ ಬದಲಾಯಿಸಿದ ಎರಡು ವಾರದ ನಂತರ ಮತ್ತೆ ಹೀಗೆಯೇ ಒಂದು ವಾರ. ಎಲ್ಲ ಹಿಡಿತಕ್ಕೆ ಬಂದ ಮೇಲೆ ವಾರಕ್ಕೆ ಒಂದೆರಡು ದಿನ ನೋಡಿದರೆ ಸಾಕು. ಉಳಿದ ಹೊತ್ತು ಯಂತ್ರ ಅಲಮಾರಿನಲ್ಲಿ ಇರಲಿ, ದಿಂಬಿನ ಪಕ್ಕ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. ಅವರ ನಿದ್ದೆ ಕೆಟ್ಟರೆ ಅದರಿಂದಲೇ ಬಿಪಿ ಏರುತ್ತದೆ. ರಾತ್ರಿಯ ಬಿಪಿ ತಿಳಿಯಲೇಬೇಕು ಅಂತ ವೈದ್ಯರಿಗೆ ಅನಿಸಿದರೆ 24 ಗಂಟೆ ಕಟ್ಟಿಕೊಂಡಿರುವ ಬೇರೆ ಯಂತ್ರ ಇದೆ. ಅದು ನಿದ್ದೆಯಲ್ಲೇ ತಾನಾಗಿ ಅಳೆಯುತ್ತದೆ. ಅವರು ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದಂತೆ ಮಾಡುತ್ತಾರಾ? ಹಾಗಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ಹೇಳಿ. ರಾತ್ರಿ ಬಿಪಿ ಏರಲು ಅದು ದೊಡ್ಡ ಕಾರಣ.

ಮಾಮೂಲಿ ಬಿಪಿ ಇರುವವರಿಗೂ ಅಯೋರ್ಟಾ ಉಬ್ಬಿದವರಿಗೂ ಅಳೆಯುವುದರಲ್ಲಿ ಒಂದು ವ್ಯತ್ಯಾಸ ಇದೆ. ಮೊದಲ ಎರಡು ಮೂರು ದಿನ ಎರಡೂ ತೋಳಿನಲ್ಲಿ ನೋಡಿ. ಯಾವ ತೋಳಿನಲ್ಲಿ ಯಾವಾಗಲೂ ಜಾಸ್ತಿ ಬರುತ್ತದೋ ಇನ್ನು ಮುಂದೆ ಆ ತೋಳಿನಲ್ಲೇ ನೋಡಬೇಕು. ಐದಾರು ಪಾಯಿಂಟ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ದಿನಾ ಬಂದರೆ ವೈದ್ಯರಿಗೆ ತೋರಿಸಿ. ತೋಳಿಗೆ ಹೋಗುವ ನಾಳಗಳು ಹೊರಡುವುದೇ ಅಯೋರ್ಟಾದ ಬಾಗಿದ ಭಾಗದಿಂದ. ಅಲ್ಲಿ ಏನಾದರೂ ಆದರೆ ಒಂದು ತೋಳಿನ ಬಿಪಿ ಕಡಿಮೆ ತೋರಿಸಬಹುದು. ಕಡಿಮೆ ಬಂದ ತೋಳು ನೋಡಿ ‘ಬಿಪಿ ಚೆನ್ನಾಗಿದೆ’ ಅಂದುಕೊಂಡರೆ ಮೋಸ ಹೋಗುತ್ತೇವೆ.

ಯಂತ್ರ ಮೂರನೆಯ ಅಂಕಿಯನ್ನೂ ತೋರಿಸುತ್ತದೆ, ನಾಡಿ ಬಡಿತ. ಬಹಳ ಜನ ಅದನ್ನು ಬರೆದುಕೊಳ್ಳುವುದೇ ಇಲ್ಲ. ಮೆಟೊಪ್ರೊಲಾಲ್ ಸಾಕಾಗಿದೆಯಾ ಅಂತ ಹೇಳುವುದು ಅದೇ. ಬಿಪಿ ಜೊತೆ ಅದನ್ನೂ ಬರೆಯಿರಿ. 50ಕ್ಕಿಂತ ಕೆಳಗೆ ಇಳಿದು ತಲೆ ಸುತ್ತು, ಸುಸ್ತು ಇದ್ದರೆ ವೈದ್ಯರಿಗೆ ಅದೇ ದಿನ ಫೋನ್ ಮಾಡಿ. ಪುಸ್ತಕದಲ್ಲಿ ನಾಲ್ಕು ಗೆರೆ ಎಳೆಯಿರಿ: ದಿನ, ಹೊತ್ತು, ಬಿಪಿ, ನಾಡಿ. ಪಕ್ಕದಲ್ಲಿ ‘ಗುಳಿಗೆ ತಪ್ಪಿತು’, ‘ನಿದ್ದೆ ಇಲ್ಲ’, ‘ಹಲ್ಲು ನೋವು’ ಅಂತ ಒಂದು ಮಾತು. ನನ್ನ ಮುಂದೆ ಇಂಥ ಪುಸ್ತಕ ಇಟ್ಟರೆ ನನ್ನ ಅರ್ಧ ಕೆಲಸ ಮುಗಿದಂತೆ. ಚೆನ್ನಾಗಿ ಬಂದ ಅಂಕಿ ಮಾತ್ರ ಬರೆದು ಕೆಟ್ಟದ್ದನ್ನು ಬಿಡುವುದು, ಅಥವಾ ಚೆನ್ನಾಗಿ ಬರುವವರೆಗೆ ಹತ್ತು ಸಲ ಒತ್ತುವುದು, ಇವೆರಡೂ ಬೇಡ.

ಸರಾಸರಿ ಎಷ್ಟಿರಬೇಕು? ನಿಮ್ಮವರಂಥ ಹೆಚ್ಚಿನವರಿಗೆ ನಾವು ಇಟ್ಟುಕೊಳ್ಳುವ ಗುರಿ 130/80ಕ್ಕಿಂತ ಕೆಳಗೆ. ತಡೆದುಕೊಳ್ಳುವ ಶಕ್ತಿ ಇದ್ದವರಿಗೆ ಮೇಲಿನದು 120ರ ಆಸುಪಾಸು ಬಂದರೆ ಇನ್ನೂ ಒಳ್ಳೆಯದು ಅನ್ನುವ ವೈದ್ಯರೂ ಇದ್ದಾರೆ. ವಯಸ್ಸು, ಕಿಡ್ನಿ, ಸಕ್ಕರೆ ಕಾಯಿಲೆ ನೋಡಿ ಇದು ಬದಲಾಗುತ್ತದೆ. ಅವರ ಗುರಿ ಎಷ್ಟು ಅಂತ ನಿಮ್ಮ ವೈದ್ಯರನ್ನೇ ಕೇಳಿ, ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ಸಂಕೋಚ ಬೇಡ.

ಒಂದು ಸಲ ಜಾಸ್ತಿ ಬಂದರೆ ಏನು ಮಾಡಬೇಕು? 150, 160 ಬಂತು, ಆದರೆ ಮೈಯಲ್ಲಿ ಏನೂ ತೊಂದರೆ ಇಲ್ಲ ಅಂದರೆ ಪಟ್ಟಿ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ಸರಿಯಾಗಿ ಕೂತು ನೋಡಿ. ಬರೆದಿಡಿ, ಅಷ್ಟೇ. ಎರಡು ಮೂರು ದಿನ ಹಾಗೆಯೇ ಬಂದರೆ ವೈದ್ಯರಿಗೆ ತಿಳಿಸಿ. 180/120 ದಾಟಿ, ಮತ್ತೊಮ್ಮೆ ನೋಡಿದರೂ ಹಾಗೇ ಇದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಯಾವ ಕಾರಣಕ್ಕೂ ನಿಮ್ಮಷ್ಟಕ್ಕೆ ನೀವೇ ಇನ್ನೊಂದು ಗುಳಿಗೆ ನುಂಗಿಸಬೇಡಿ. ನಾಲಿಗೆ ಕೆಳಗೆ ನಿಫೆಡಿಪಿನ್ ಇಡುವ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಇದೆ. ಅದು ಬಿಪಿಯನ್ನು ಪಾತಾಳಕ್ಕೆ ಬೀಳಿಸುತ್ತದೆ, ಹೃದಯ ಅದಕ್ಕೆ ಬೆದರಿ ಇನ್ನೂ ಜೋರಾಗಿ ಬಡಿಯುತ್ತದೆ. ಅಯೋರ್ಟಾ ಉಬ್ಬಿದವರಿಗೆ ಅದು ಬೇಡವೇ ಬೇಡ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಉಬ್ಬಿದ ಅಯೋರ್ಟಾದ ಒಳಪದರ ಕೆಲವೊಮ್ಮೆ ಸೀಳಿಕೊಳ್ಳಬಹುದು. ಡಾಕ್ಟರರು ಇದಕ್ಕೆ ಡಿಸೆಕ್ಷನ್ ಅನ್ನುತ್ತಾರೆ. 4.5 ಇರುವವರಲ್ಲಿ ಇದು ಅಪರೂಪ. ಆದರೆ ಹಾಗೇನಾದರೂ ಸೀಳಿಕೊಂಡರೆ ಒಂದೊಂದು ಗಂಟೆಯೂ ಮುಖ್ಯ. ಎದೆಯಲ್ಲೋ ಎರಡು ರೆಕ್ಕೆಮೂಳೆಗಳ ನಡುವೆ ಬೆನ್ನಲ್ಲೋ ಇದ್ದಕ್ಕಿದ್ದಂತೆ ಹರಿದುಹೋದ ಹಾಗೆ ನೋವು ಬರುತ್ತದೆ. ಶುರುವಾದ ಕ್ಷಣದಲ್ಲೇ ಅತಿ ಜೋರು ಇರುತ್ತದೆ. ಜೊತೆಗೆ ಬೆವರು, ಕಣ್ಣು ಕತ್ತಲೆ, ಪ್ರಜ್ಞೆ ತಪ್ಪುವುದು, ಒಂದು ಕೈಯೋ ಕಾಲೋ ಸೋಲುವುದು ಇರಬಹುದು. ಆಗ ಬಿಪಿ ಯಂತ್ರ ಹುಡುಕುತ್ತಾ ಕೂರಬೇಡಿ. ಆ ಹೊತ್ತಿನಲ್ಲಿ ಬಿಪಿ ಜಾಸ್ತಿಯೂ ಇರಬಹುದು, ನಾರ್ಮಲ್ ಇರಬಹುದು, ಕಡಿಮೆಯೂ ಇರಬಹುದು. ‘120 ಇದೆ, ಗ್ಯಾಸ್ ಇರಬೇಕು’ ಅಂತ ಸೋಡಾ ಕುಡಿಸಿ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ.

ಆಸ್ಪತ್ರೆ ಬಾಗಿಲಲ್ಲಿ ಮೊದಲು ಹೇಳಬೇಕಾದ ಮಾತು ‘ಎದೆ ನೋವು’ ಅಲ್ಲ. ‘ಇವರಿಗೆ ಅಯೋರ್ಟಾ ಉಬ್ಬಿದೆ, 4.5 ಸೆಂ.ಮೀ.’ ಅನ್ನಿ. ಯಾಕೆ ಗೊತ್ತಾ? ಎದೆ ನೋವು ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಹಾರ್ಟ್ ಅಟ್ಯಾಕ್. ಹಾರ್ಟ್ ಅಟ್ಯಾಕಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದುಂಟು. ಅದು ಅಲ್ಲಿ ಜೀವ ಉಳಿಸುವ ಔಷಧಿ. ಅಯೋರ್ಟಾ ಸೀಳಿದಾಗ ಅದೇ ಇಂಜೆಕ್ಷನ್ ಜೀವಕ್ಕೆ ಕುತ್ತು. ನೀವು ಹೇಳುವ ಒಂದು ಮಾತಿನಿಂದ ವೈದ್ಯರು ಮೊದಲು ಸಿಟಿ ಸ್ಕ್ಯಾನ್ ಕಡೆ ಯೋಚಿಸುತ್ತಾರೆ. ಎಕೋ ರಿಪೋರ್ಟಿನ ಫೋಟೋ ನಿಮ್ಮ ಫೋನಿನಲ್ಲಿ, ಅವರ ಫೋನಿನಲ್ಲಿ, ಮಕ್ಕಳ ಫೋನಿನಲ್ಲಿ ಇರಲಿ. ಗಿರಣಿಯಲ್ಲಿ ಜೊತೆ ಕೆಲಸ ಮಾಡುವ ಒಬ್ಬರಿಗಾದರೂ ಈ ವಿಷಯ ಗೊತ್ತಿರಲಿ. ಎದೆ ನೋವಿಗೆ ಅಂತ ವಾಟ್ಸಾಪಿನಲ್ಲಿ ಆಸ್ಪಿರಿನ್, ಸಾರ್ಬಿಟ್ರೇಟ್ ಕಿಟ್ ಬಗ್ಗೆ ಸುತ್ತುತ್ತಿರುತ್ತದಲ್ಲ, ನಿಮ್ಮ ಮನೆಗೆ ಅದು ಅನ್ವಯಿಸುವುದಿಲ್ಲ. ವೈದ್ಯರು ದಿನಾ ತಗೊಳ್ಳಲು ಬರೆದುಕೊಟ್ಟಿದ್ದರೆ ಅದು ಬೇರೆ ಮಾತು.

ಔಷಧಿ ಅಂಗಡಿಯ ವಿಷಯಕ್ಕೆ ಬರೋಣ. ಹೊಟ್ಟೆ ಕೆಟ್ಟು ಭೇದಿ ಆಯಿತು, ಉರಿಮೂತ್ರ ಆಯಿತು ಅಂತ ಅಂಗಡಿಗೆ ಹೋದರೆ ಚೀಟಿ ಇಲ್ಲದೆಯೇ ಆಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್ ಕೈಗೆ ಕೊಟ್ಟುಬಿಡುತ್ತಾರೆ. ಇವೆಲ್ಲ ಒಂದೇ ಗುಂಪಿನ ಔಷಧಿಗಳು. ಈ ಗುಂಪಿನ ಆಂಟಿಬಯಾಟಿಕ್‌ಗಳಿಂದ ಅಯೋರ್ಟಾ ಸೀಳುವ, ಒಡೆಯುವ ಅಪಾಯ ಹೆಚ್ಚಬಹುದು, ಅಯೋರ್ಟಾ ಉಬ್ಬಿದವರಿಗೆ ಬೇರೆ ದಾರಿ ಇರುವಾಗ ಇವನ್ನು ಕೊಡಬೇಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲೇ ಎಚ್ಚರಿಕೆ ಕೊಟ್ಟಿದೆ. ನೆನಪಿಡುವುದು ಸುಲಭ. ಹೆಸರಿನ ಕೊನೆಗೆ ‘ಫ್ಲಾಕ್ಸಾಸಿನ್’ ಅಂತ ಬಂದರೆ ವೈದ್ಯರನ್ನು ಕೇಳದೆ ನುಂಗಬಾರದು. ಗುಳಿಗೆ ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರಿರುತ್ತದೆ, ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಭೇದಿಗೆ ಬಳಸುವ ಗುಳಿಗೆಗಳಲ್ಲಿ ಆಫ್ಲಾಕ್ಸಾಸಿನ್ ಜೊತೆ ಆರ್ನಿಡಜೋಲ್ ಸೇರಿಸಿದ್ದು ಬಹಳ ಸಿಗುತ್ತದೆ, ಅದೂ ಇದೇ ಗುಂಪು. ಬೇರೆ ಔಷಧಿ ಇಲ್ಲದ ಸಂದರ್ಭದಲ್ಲಿ ವೈದ್ಯರೇ ತೂಗಿ ನೋಡಿ ಕೊಟ್ಟರೆ ಅದನ್ನು ನೀವಾಗಿ ನಿಲ್ಲಿಸಲೂ ಬೇಡಿ.

ಮೈಕೈ ನೋವಿನ ಗುಳಿಗೆ ಹಮಾಲರ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಬಿಪಿ ಏರಿಸುತ್ತವೆ, ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಕಿಡ್ನಿಗೂ ಹೊರೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಅದೂ ಅಳತೆ ಮೀರದಂತೆ. ನೆಗಡಿಗೆ ಮೂಗು ಬಿಡಿಸುವ ಗುಳಿಗೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದೂ ಬೇಡ.

ಮೂಟೆಯ ಮಾತು. ಇದನ್ನು ಹೇಳುವಾಗ ನನಗೆ ಕಷ್ಟ ಆಗುತ್ತದೆ, ಯಾಕಂದರೆ ಅದು ನಿಮ್ಮ ಮನೆಯ ಅನ್ನ. ಆದರೂ ನೇರವಾಗಿ ಹೇಳುತ್ತೇನೆ: ಮೂಟೆ ಹೊರುವುದನ್ನು ನಿಲ್ಲಿಸಬೇಕು. ಭಾರ ಎತ್ತುವಾಗ ಹಲ್ಲು ಕಚ್ಚಿ ಉಸಿರು ಬಿಗಿ ಹಿಡಿಯುತ್ತೇವಲ್ಲ, ಆ ಕೆಲವು ಸೆಕೆಂಡುಗಳಲ್ಲಿ ಬಿಪಿ 200 ದಾಟಬಹುದು. ಗುಳಿಗೆ ತಗೊಂಡಿದ್ದರೂ ಆ ಏರಿಕೆ ಪೂರ್ತಿ ತಪ್ಪುವುದಿಲ್ಲ. ಮನೆಯ ಯಂತ್ರ ಅದನ್ನು ಎಂದೂ ಹಿಡಿಯುವುದಿಲ್ಲ, ಯಾಕಂದರೆ ಮೂಟೆ ಇಳಿಸಿ ಬಂದು ಕೂರುವಷ್ಟರಲ್ಲಿ ಅದು ಇಳಿದಿರುತ್ತದೆ. 75 ಕೆ.ಜಿ. ಭತ್ತದ ಚೀಲ ಬಿಡಿ, 25 ಕೆ.ಜಿ. ಅಕ್ಕಿ ಚೀಲವನ್ನು ದಿನವಿಡೀ ಎತ್ತಿ ಒಗೆಯುವುದೂ ಬೇಡ. ಮನೆಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರ್ ಎತ್ತುವುದು, ನೆಲಕ್ಕೆ ಕಚ್ಚಿದ ಕಲ್ಲು ಕೀಳುವುದು ಇವೂ ಅದೇ ಸಾಲಿಗೆ ಬರುತ್ತವೆ. ಅಳತೆಗೋಲು ಇದು: ಉಸಿರು ಬಿಗಿ ಹಿಡಿಯದೆ ಎತ್ತಲು ಆಗದ ಭಾರ ಎತ್ತಬಾರದು. ಗಿರಣಿ ಮಾಲೀಕರ ಹತ್ತಿರ ರಿಪೋರ್ಟ್ ತೋರಿಸಿ ಮಾತಾಡಿ. ತೂಕದ ಕಾಟಾ ನೋಡುವುದು, ಚೀಲ ಹೊಲಿಯುವುದು, ಲಾರಿ ಲೆಕ್ಕ ಬರೆಯುವುದು ಹೀಗೆ ಗಿರಣಿಯಲ್ಲಿ ಕೂತು ಮಾಡುವ ಕೆಲಸಗಳೂ ಇವೆ. ಬೇಕಿದ್ದರೆ ‘ಭಾರ ಎತ್ತಬಾರದು’ ಅಂತ ವೈದ್ಯರಿಂದ ಬರೆಸಿಕೊಳ್ಳಿ. ಬಹಳ ವರ್ಷ ದುಡಿದ ಆಳಿಗೆ ಮಾಲೀಕರು ಅಷ್ಟು ಮಾಡಿಕೊಟ್ಟಾರು.

ಉಸಿರು ಬಿಗಿ ಹಿಡಿಯುವ ಇನ್ನೊಂದು ಜಾಗ ಪಾಯಿಖಾನೆ. ಮಲ ಕಟ್ಟಿ ಮುಕ್ಕುವುದರಿಂದಲೂ ಬಿಪಿ ಹಾರುತ್ತದೆ. ನೀರು, ಸೊಪ್ಪು, ಜೋಳದ ರೊಟ್ಟಿ, ಬೇಕಾದರೆ ರಾತ್ರಿ ಇಸಬಗೋಲು. ಇಷ್ಟರಲ್ಲೇ ಬಹಳ ಜನರಿಗೆ ಸರಿಹೋಗುತ್ತದೆ.

ಊಟದ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲ ಇದೆ. ಜೋಳದ ರೊಟ್ಟಿಗೆ ಉಪ್ಪು ಬೇಕಾಗಿಲ್ಲ. ಕೆಡುವುದು ಅದರ ಪಕ್ಕದಲ್ಲಿ ಬಡಿಸುವುದರಿಂದ: ಕೆಂಪು ಖಾರ, ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ, ಸಂಡಿಗೆ. ಬೆಳಗಿನ ಒಗ್ಗರಣೆ ಮಿರ್ಚಿಯಲ್ಲಿ ಉಪ್ಪಿನ ಜೊತೆ ಸೋಡಾ ಪುಡಿಯೂ ಇರುತ್ತದೆ, ಅದೂ ಉಪ್ಪಿನ ಲೆಕ್ಕಕ್ಕೇ ಸೇರುತ್ತದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಸಣ್ಣ ಚಮಚ, ಇಡೀ ದಿನಕ್ಕೆ, ಎಲ್ಲ ಸೇರಿ. ಪುಂಡಿಪಲ್ಯ ಮಾಡಿ, ಬೇಳೆ ಮಾಡಿ, ಕೈ ಸ್ವಲ್ಪ ಹಿಡಿದು ಉಪ್ಪು ಹಾಕಿ. ಊಟಕ್ಕೆ ಕೂತಾಗ ತಟ್ಟೆ ಅಂಚಿಗೆ ಉಪ್ಪು ಬಡಿಸುವುದನ್ನು ಬಿಡಿ. ಉಪ್ಪು ಬದಲು ‘ಕಡಿಮೆ ಸೋಡಿಯಂ ಉಪ್ಪು’ ಅಂತ ಮಾರುವುದನ್ನು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ತಗೊಳ್ಳುವವರಿಗೆ ಅದು ರಕ್ತದಲ್ಲಿ ಜಾಸ್ತಿ ಆಗಬಹುದು. ಬೀಡಿ, ಗುಟ್ಕಾ ಏನಿದ್ದರೂ ಇವತ್ತೇ ನಿಲ್ಲಲಿ. ಬೀಡಿ, ಸಿಗರೇಟು ರಕ್ತನಾಳದ ಗೋಡೆಯನ್ನೇ ಸವೆಸುತ್ತವೆ. ಇಲ್ಲಿ ‘ಕಡಿಮೆ ಮಾಡುತ್ತೇನೆ’ ಅನ್ನುವ ರಾಜಿ ನಾನು ಒಪ್ಪುವುದಿಲ್ಲ.

ಬೇಸಿಗೆಯ ಬಗ್ಗೆಯೂ ಹೇಳಬೇಕು. ನಮ್ಮ ಕೊಪ್ಪಳ, ಬಳ್ಳಾರಿ, ರಾಯಚೂರಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುತ್ತದೆ. ಸೆಕೆಗೆ ರಕ್ತನಾಳ ಹಿಗ್ಗಿ, ಬೆವರಿಗೆ ನೀರು ಹೋಗಿ ಬಿಪಿ ತಾನಾಗಿ ಇಳಿಯುತ್ತದೆ. ಚಳಿಗಾಲಕ್ಕೆ ಸರಿಹೋದ ಡೋಸ್ ಬೇಸಿಗೆಗೆ ಜಾಸ್ತಿ ಆಗಬಹುದು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಕೂತು ಒಮ್ಮೆ, ನಿಂತು ಒಂದು ನಿಮಿಷಕ್ಕೆ ಒಮ್ಮೆ ಬಿಪಿ ನೋಡಿ ಬರೆಯಿರಿ. ನಿಂತಾಗ 20 ಪಾಯಿಂಟಿಗಿಂತ ಜಾಸ್ತಿ ಇಳಿದರೆ ಅಥವಾ ಮೇಲಿನದು 100ಕ್ಕಿಂತ ಕೆಳಗೆ ಬಂದು ಚಕ್ಕರ್ ಬಂದರೆ ವೈದ್ಯರನ್ನು ಕಾಣಿ, ಅವರು ಡೋಸ್ ಸರಿ ಮಾಡುತ್ತಾರೆ. ವಾಂತಿ ಭೇದಿ ಜೋರಾದ ದಿನ ಓಆರ್‌ಎಸ್ ಕುಡಿಸಿ, ಅದರಲ್ಲಿ ಉಪ್ಪಿದೆ ಅಂತ ಹೆದರಬೇಡಿ. ಆವತ್ತು ಟೆಲ್ಮಿಸಾರ್ಟನ್ ತಗೊಳ್ಳಬೇಕಾ ಅಂತ ಫೋನ್ ಮಾಡಿ ಕೇಳಿ.

ಅಂಜನಾದ್ರಿಯ ಹರಕೆ. ಐನೂರು ಚಿಲ್ಲರೆ ಮೆಟ್ಟಿಲು ಇವೆ. ವಾರದ ಸರಾಸರಿ ಗುರಿಗೆ ಬಂದ ಮೇಲೆ, ನಿಮ್ಮ ವೈದ್ಯರು ಹೂಂ ಅಂದ ಮೇಲೆ, ನಿಧಾನವಾಗಿ ಹತ್ತಬಹುದು. ನಡೆಯುವುದು, ಮೆಟ್ಟಿಲು ಹತ್ತುವುದು ಮೂಟೆ ಎತ್ತಿದ ಹಾಗಲ್ಲ, ಅಲ್ಲಿ ಉಸಿರು ಕಟ್ಟುವುದಿಲ್ಲ. ದಿನಾ ಅರ್ಧ ಗಂಟೆ ನಡೆಯುವುದಂತೂ ಅವರಿಗೆ ಔಷಧಿಯಷ್ಟೇ ಒಳ್ಳೆಯದು. ಬೆಟ್ಟಕ್ಕೆ ಚಳಿಗಾಲದಲ್ಲಿ, ಬೆಳಗಿನ ತಂಪಿನಲ್ಲಿ ಹೋಗಿ. ಗುಳಿಗೆ ತಗೊಂಡೇ ಹೊರಡಬೇಕು. ಹತ್ತುತ್ತಾ ನಿಮ್ಮ ಜೊತೆ ಮಾತಾಡಲು ಆಗುತ್ತಿರಬೇಕು. ಮಾತಿಗೆ ಉಸಿರು ಸಾಲದಾದರೆ ಅಲ್ಲೇ ಕೂರಲಿ. ಹೆಗಲ ಮೇಲೆ ಮಗು ಕೂರಿಸಿಕೊಂಡು ಹತ್ತುವುದು, ಹುಡುಗರ ಜೊತೆ ಪಂದ್ಯ ಕಟ್ಟುವುದು ಬೇಡ.

4.5 ಅಂದರೆ ಆಪರೇಷನ್ ಆಗಲೇಬೇಕಾ ಅಂತ ನೀವು ಕೇಳದಿದ್ದರೂ ಮನಸ್ಸಿನಲ್ಲಿ ಇರುತ್ತದೆ. ಈ ಭಾಗದ ಅಯೋರ್ಟಾಕ್ಕೆ ಸಾಮಾನ್ಯವಾಗಿ 5.5 ಸೆಂ.ಮೀ. ಆದಾಗ ಆಪರೇಷನ್ ಯೋಚಿಸುತ್ತಾರೆ. ಬೇಗ ಬೇಗ ಬೆಳೆಯುತ್ತಿದ್ದರೆ, ಮಾರ್ಫನ್‌ನಂಥ ಹುಟ್ಟಿನಿಂದ ಬಂದ ತೊಂದರೆ ಇದ್ದರೆ, ಕುಟುಂಬದಲ್ಲಿ ಯಾರಿಗಾದರೂ ಸೀಳಿದ್ದರೆ ಅದಕ್ಕಿಂತ ಮೊದಲೇ. ಹೆಚ್ಚಿನವರಲ್ಲಿ ಇದು ವರ್ಷಕ್ಕೆ ಒಂದು ಮಿಲಿಮೀಟರ್ ಆಸುಪಾಸು ಮಾತ್ರ ಬೆಳೆಯುತ್ತದೆ. ಹಾಗಾಗಿ ವೈದ್ಯರು ಹೇಳಿದ ತಿಂಗಳಿಗೆ ತಪ್ಪದೆ ಮತ್ತೆ ಅಳತೆ ಮಾಡಿಸಿ, ಆದಷ್ಟು ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ. ಎಕೋದಲ್ಲಿ 4.5, ಸಿಟಿಯಲ್ಲಿ 4.7 ಬಂದರೆ ಬೆಳೆಯಿತು ಅಂತ ಅರ್ಥ ಅಲ್ಲ, ಎರಡರ ಅಳತೆಯೇ ಸ್ವಲ್ಪ ಬೇರೆ. ಹಳೆಯ ರಿಪೋರ್ಟ್, ಸಿಡಿ ಎಲ್ಲ ಒಂದು ಚೀಲದಲ್ಲಿ ಜೋಪಾನ ಇರಲಿ.

ಕೊನೆಯದಾಗಿ ಮಕ್ಕಳ ವಿಷಯ. ಎದೆಯ ಅಯೋರ್ಟಾ ಉಬ್ಬುವುದು ಎಷ್ಟೋ ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದೆ. ಅಪ್ಪನಿಗೆ ಮಾರ್ಫನ್ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮವರ ಅಯೋರ್ಟಾ ಕವಾಟ ಮೂರು ಎಸಳಿನ ಬದಲು ಎರಡೇ ಎಸಳಿನದು ಅಂತ ರಿಪೋರ್ಟಿನಲ್ಲಿ ಬರೆದಿದೆಯಾ ಅಂತಲೂ ಕೇಳಿ, ಅದೂ ಮನೆತನದಲ್ಲಿ ಹರಿದು ಬರಬಹುದು. ಇಬ್ಬರು ಮಕ್ಕಳಿಗೂ, ನಿಮ್ಮವರ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಒಂದೊಂದು ಎಕೋ ಮಾಡಿಸಿ. ನೋವಿಲ್ಲ, ಸೂಜಿ ಇಲ್ಲ, ಅರ್ಧ ಗಂಟೆಯ ಕೆಲಸ. ಹೃದಯದ ತಜ್ಞರಿಗೇ ತೋರಿಸಬೇಕು ಅಂದರೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ, ಜಯದೇವ ಆಸ್ಪತ್ರೆ ಕಲಬುರಗಿಯಲ್ಲೂ ಇದೆ. ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮ ಬಿಪಿ ಯಂತ್ರವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿನ ಯಂತ್ರದ ಪಕ್ಕದಲ್ಲಿ ಇಟ್ಟು ಒಮ್ಮೆ ತಾಳೆ ನೋಡಿಸಿ, ವರ್ಷಕ್ಕೊಮ್ಮೆ ಹೀಗೆ ಮಾಡಿಸಿದರೆ ಸಾಕು.